ಮನೆಯ ಅಲಂಕಾರಕ್ಕೆ ಕಣ್ಣಷ್ಟೇ ಸಾಲದು, ಕಿವಿಯೂ ಬೇಕು

ಮಾನ್ಯ ಸಂಪಾದಕರೇ,

ಒಳಾಂಗಣ ಅಲಂಕಾರದ ಕುರಿತು ಪತ್ರಿಕೆಗಳ ಪುರವಣಿಗಳಲ್ಲಿ ಬರುವ ಲೇಖನಗಳನ್ನು ನಾನು ಆಸಕ್ತಿಯಿಂದ ಓದುತ್ತೇನೆ. ಯಾವ ಗೋಡೆಗೆ ಯಾವ ಬಣ್ಣ ಒಪ್ಪುತ್ತದೆ, ಇಕ್ಕಟ್ಟಾದ ಕೋಣೆ ವಿಶಾಲವಾಗಿ ಕಾಣಲು ಕನ್ನಡಿಯನ್ನು ಎಲ್ಲಿ ತೂಗುಹಾಕಬೇಕು, ಬಿಸಿಲು ಕಡಿಮೆ ಬೀಳುವ ಬಾಲ್ಕನಿಯಲ್ಲಿ ಯಾವ ಗಿಡ ಬಾಳುತ್ತದೆ ಎಂಬುದನ್ನೆಲ್ಲ ಅವು ಸೊಗಸಾಗಿ ತಿಳಿಸುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವು ಮನೆಯನ್ನು ಕಣ್ಣಿನಿಂದ ಮಾತ್ರ ಅಳೆಯುತ್ತವೆ. ಒಬ್ಬರ ನೆಲವೇ ಇನ್ನೊಬ್ಬರ ಚಾವಣಿಯಾಗಿರುವ ಬಹುಮಹಡಿ ಕಟ್ಟಡದಲ್ಲಿ ನೆಲಕ್ಕೆ ಏನು ಹಾಸುತ್ತೇವೆ, ಗೋಡೆಗೆ ಏನು ಜೋಡಿಸುತ್ತೇವೆ, ಕುರ್ಚಿಯ ಕಾಲಿಗೆ ಏನು ಅಂಟಿಸುತ್ತೇವೆ ಎಂಬುದೆಲ್ಲ ನೋಟಕ್ಕೆ ಎಷ್ಟೋ ಶಬ್ದಕ್ಕೂ ಅಷ್ಟೇ ಸಂಬಂಧಪಟ್ಟಿದ್ದು. ಅಪಾರ್ಟ್‌ಮೆಂಟ್ ವಾಸದ ಬಗ್ಗೆ ಜನ ಹೇಳಿಕೊಳ್ಳುವ ದೂರುಗಳಲ್ಲಿ ಸದ್ದಿನದು ಸದಾ ಇದ್ದೇ ಇರುತ್ತದೆ; ಅಲಂಕಾರದ ಲೇಖನಗಳಲ್ಲಿ ಮಾತ್ರ ಅದರ ಸುಳಿವಿಲ್ಲ.

ಈಗ ಮೆಚ್ಚುಗೆ ಪಡೆಯುತ್ತಿರುವ ಮನೆಯ ಚಿತ್ರವನ್ನೇ ನೋಡಿ. ಕನ್ನಡಿಯಂತೆ ಹೊಳೆಯುವ ದೊಡ್ಡ ಟೈಲ್ಸ್, ಪರದೆಯಿಲ್ಲದ ಉದ್ದನೆಯ ಗಾಜಿನ ಕಿಟಕಿ, ಗಾಜಿನ ಮೇಜು, ಹಜಾರಕ್ಕೆ ತೆರೆದುಕೊಂಡ ಅಡುಗೆಮನೆ, ಒಂದು ಚಿತ್ರಪಟವೂ ಇಲ್ಲದ ಬೋಳು ಗೋಡೆ. ಫೋಟೊದಲ್ಲಿ ಇದು ಚೆಂದವೇ. ಆದರೆ ಆ ಕೋಣೆಯಲ್ಲಿ ನಾಲ್ಕು ಜನ ಕುಳಿತು ಮಾತನಾಡತೊಡಗಿದರೆ ದನಿ ಗಟ್ಟಿ ಮೇಲ್ಮೈಗಳಿಗೆ ಬಡಿದು ಹಿಂದಿರುಗುತ್ತದೆ, ಮಾತಿನ ಮೇಲೆ ಮಾತು ಬಿದ್ದು ಕಲಸಿಹೋಗುತ್ತದೆ, ಸ್ಪಷ್ಟವಾಗಿ ಕೇಳಲೆಂದು ಟಿ.ವಿ.ಯ ವಾಲ್ಯೂಮನ್ನು ಏರಿಸಬೇಕಾಗುತ್ತದೆ. ಏರಿಸಿದ ವಾಲ್ಯೂಮ್ ಪಕ್ಕದ ಮನೆಯ ಮಲಗುವ ಕೋಣೆಯನ್ನು ತಲುಪುತ್ತದೆ. ಹೀಗೆ ಪರದೆ ಬೇಡವೆಂದು ಒಬ್ಬರು ಮಾಡಿದ ತೀರ್ಮಾನದ ಫಲವನ್ನು ಗೋಡೆಯಾಚೆಯವರು ಉಣ್ಣುತ್ತಾರೆ.

ಮೆತ್ತನೆಯ ವಸ್ತುಗಳು ಶಬ್ದವನ್ನು ಹೀರುತ್ತವೆ ಎಂಬುದು ಹೊಸ ವಿಚಾರವೇನಲ್ಲ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಸಭಾಂಗಣದಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಕಾಲ ಮೊಳಗುತ್ತಲೇ ಇದ್ದು ಯಾರಿಗೂ ಏನೂ ಅರ್ಥವಾಗದಂತಾದಾಗ, ಅದನ್ನು ಸರಿಪಡಿಸುವ ಕೆಲಸವನ್ನು ವಾಲೇಸ್ ಸಬೀನ್ ಎಂಬ ಯುವ ಭೌತವಿಜ್ಞಾನಿಗೆ ಒಪ್ಪಿಸಿದರು. ಅವರು ಮತ್ತೊಂದು ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಒಂದಿಷ್ಟಿಷ್ಟೇ ಹರಡಿ, ಆರ್ಗನ್ ವಾದ್ಯದ ಒಂದು ಕೊಳವೆಯನ್ನು ನುಡಿಸಿ, ಸದ್ದು ಅಡಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗಡಿಯಾರ ಹಿಡಿದು ಅಳೆದರು. ಮೆತ್ತೆಗಳು ಹೆಚ್ಚಿದಂತೆ ಮೊಳಗು ಕಡಿಮೆಯಾಯಿತು. ಕೋಣೆಯ ಗಾತ್ರ, ಅದರೊಳಗಿನ ವಸ್ತುಗಳು ಹೀರುವ ಶಬ್ದ, ಇವೆರಡಕ್ಕೂ ಮೊಳಗು ಉಳಿಯುವ ಅವಧಿಗೂ ಇರುವ ಸಂಬಂಧವನ್ನು ಅವರು ಸೂತ್ರವಾಗಿಸಿದರು. ಇಂದಿಗೂ ಸಭಾಂಗಣ ಕಟ್ಟುವವರು ಆ ಲೆಕ್ಕವನ್ನು ಬಳಸುತ್ತಾರೆ. ಮನೆಯ ಹಜಾರಕ್ಕೂ ನಿಯಮ ಅದೇ. ನೆರಿಗೆ ತುಂಬಿದ ದಪ್ಪ ಪರದೆ, ಬಟ್ಟೆಯ ಸೋಫಾ, ನೆಲದ ಮೇಲೊಂದು ಕಾರ್ಪೆಟ್, ಪುಸ್ತಕಗಳನ್ನು ಏರುಪೇರಾಗಿ ಜೋಡಿಸಿದ ಕಪಾಟು ಇದ್ದರೆ ಸಾಕು, ಕೋಣೆಯ ದನಿಯೇ ಬದಲಾಗುತ್ತದೆ. ಪರದೆಯನ್ನು ಬಿಗಿಯಾಗಿ ಎಳೆದು ಹಲಗೆಯಂತೆ ತೂಗುಹಾಕುವುದಕ್ಕಿಂತ, ಅಗಲಕ್ಕೆ ಎರಡರಷ್ಟು ಬಟ್ಟೆ ಹಿಡಿದು ನೆರಿಗೆ ಬೀಳುವಂತೆ ಇಳಿಬಿಡುವುದು ಹೆಚ್ಚು ಫಲಕಾರಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯ ಬಗ್ಗೆ ಹೇಳಲೇಬೇಕು, ಏಕೆಂದರೆ ಜನ ಅದಕ್ಕಾಗಿ ಹಣ ಕಳೆದುಕೊಳ್ಳುತ್ತಿದ್ದಾರೆ. ಕೋಣೆಯೊಳಗಿನ ಮೊಳಗನ್ನು ಹೀರುವುದು ಬೇರೆ, ಆಚೆ ಮನೆಯ ಸದ್ದು ಈಚೆ ಬರದಂತೆ ತಡೆಯುವುದು ಬೇರೆ. ಮೊಟ್ಟೆ ಇಡುವ ತಟ್ಟೆಯಂತೆ ಉಬ್ಬುತಗ್ಗುಗಳಿರುವ ಫೋಮ್ ಹಾಳೆಯನ್ನು ಗೋಡೆಗೆ ಅಂಟಿಸಿದರೆ ಪಕ್ಕದ ಮನೆಯ ಸದ್ದು ನಿಲ್ಲುತ್ತದೆ ಎಂದು ಹಲವರು ನಂಬಿದ್ದಾರೆ. ಅದು ನಿಲ್ಲುವುದಿಲ್ಲ. ಫೋಮ್ ತನ್ನ ಕೋಣೆಯೊಳಗಿನ ಪ್ರತಿಧ್ವನಿಯನ್ನು ತಗ್ಗಿಸುತ್ತದೆಯೇ ಹೊರತು ತೂಕವಿಲ್ಲದ ಕಾರಣ ಗೋಡೆ ದಾಟಿ ಬರುವ ಸದ್ದಿಗೆ ಅಡ್ಡಿಯಾಗಲಾರದು. ಸದ್ದನ್ನು ತಡೆಯುವುದಕ್ಕೆ ಭಾರ ಬೇಕು, ಸಂದುಗಳಿಲ್ಲದಿರಬೇಕು. 150 ಮಿಲಿಮೀಟರ್ ದಪ್ಪದ ಕಾಂಕ್ರೀಟ್ ಸ್ಲ್ಯಾಬ್ ಪ್ರತಿ ಚದರ ಮೀಟರಿಗೆ ಸುಮಾರು 360 ಕಿಲೋ ತೂಗುತ್ತದೆ. ಹಾಗಾಗಿಯೇ ಮೇಲಿನ ಮನೆಯವರ ಸಾಧಾರಣ ಮಾತುಕತೆ ನಮಗೆ ಕೇಳುವುದಿಲ್ಲ. ಅದೇ ಮುಂಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದು ಬಿಟ್ಟಿದ್ದರೆ ಕಾರಿಡಾರಿನಲ್ಲಿ ನಿಂತವರ ಮಾತು ಹಜಾರದ ಒಳಗೇ ಆದಂತಿರುತ್ತದೆ. ಬಾಗಿಲಂಚಿಗೆ ಒಂದು ರಬ್ಬರ್ ಪಟ್ಟಿ ಹಾಕಿಸುವ ಖರ್ಚು, ಗೋಡೆ ತುಂಬ ಅಂಟಿಸುವ ಫೋಮ್‌ಗೆ ಹೋಲಿಸಿದರೆ ಏನೂ ಅಲ್ಲ.

ಮಾತನ್ನು ತಡೆಯುವ ಅಷ್ಟು ಭಾರದ ಸ್ಲ್ಯಾಬ್ ಏಟಿನ ಸದ್ದಿಗೆ ಮಾತ್ರ ದಾರಿ ಬಿಟ್ಟುಕೊಡುತ್ತದೆ. ಹಿಮ್ಮಡಿ ಊರಿದ್ದು, ಡಬ್ಬಿಯ ಮುಚ್ಚಳ ಬಿದ್ದದ್ದು, ಕುರ್ಚಿ ಎಳೆದದ್ದು, ಇವೆಲ್ಲ ಗಾಳಿಯ ಮೂಲಕ ಬರುವುದಿಲ್ಲ. ಕಟ್ಟಡದ ಮೈಯನ್ನೇ ನಡುಗಿಸಿ ಬರುತ್ತವೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಶಬ್ದ ಕಾಂಕ್ರೀಟಿನಲ್ಲಿ 3000 ಮೀಟರಿಗೂ ಹೆಚ್ಚು ವೇಗದಲ್ಲಿ ಸಾಗುತ್ತದೆ, ಮತ್ತು ದಾರಿಯಲ್ಲಿ ಹೆಚ್ಚೇನೂ ಸೊರಗುವುದಿಲ್ಲ. ಕೆಳಗಿನವರು ಚಾವಣಿಗೆ ಫಾಲ್ಸ್ ಸೀಲಿಂಗ್ ಹಾಕಿಸಿಕೊಂಡರೂ ಪಕ್ಕದ ಗೋಡೆಗಳಿಂದ ಇಳಿದುಬರುವುದನ್ನು ತಡೆಯಲಾಗದು. ಏಟಿನ ಸದ್ದನ್ನು ಏಟು ಬೀಳುವ ಜಾಗದಲ್ಲಿಯೇ, ಅಂದರೆ ಮೇಲಿನವರ ನೆಲದಲ್ಲಿಯೇ, ಮೆತ್ತಗಾಗಿಸಬೇಕು. ಆದ್ದರಿಂದಲೇ ಇದು ಅಲಂಕಾರದ ಪ್ರಶ್ನೆಯಾಗುತ್ತದೆ.

ಊಟದ ಮೇಜಿನ ಕುರ್ಚಿಯೊಂದನ್ನು ತಲೆಕೆಳಗು ಮಾಡಿ ನೋಡಬೇಕೆಂದು ಓದುಗರಲ್ಲಿ ವಿನಂತಿ. ಕಾಲಿನ ತುದಿಗೆ ಎಂದೋ ಅಂಟಿಸಿದ ಫೆಲ್ಟ್ (ನಾರುಗಳನ್ನು ಒತ್ತಿ ಮಾಡಿದ ದಪ್ಪ ಬಟ್ಟೆ) ಬಿಲ್ಲೆ ಇದ್ದರೆ ಅದು ಒಂದು ಪಕ್ಕಕ್ಕೆ ಜಾರಿರುತ್ತದೆ, ಅಂಚಿನಲ್ಲಿ ಹೊರಬಂದ ಗೋಂದಿಗೆ ಕೂದಲು, ನೂಲು, ಸಣ್ಣ ಮರಳಿನ ಕಣಗಳು ಮೆತ್ತಿಕೊಂಡಿರುತ್ತವೆ. ಇಂತಹ ಬಿಲ್ಲೆ ಮೆತ್ತೆಯಾಗಿ ಉಳಿಯದೆ ಉಪ್ಪುಕಾಗದವಾಗಿ ಮಾರ್ಪಟ್ಟಿರುತ್ತದೆ: ಸದ್ದೂ ಮಾಡುತ್ತದೆ, ನೆಲವನ್ನೂ ಗೀರುತ್ತದೆ. ಬರಿಯ ಗೋಂದಿನ ಬಿಲ್ಲೆಗಳು ಒದ್ದೆ ಬಟ್ಟೆಯಿಂದ ನೆಲ ಒರೆಸುವ ಮನೆಗಳಲ್ಲಿ ಬೇಗ ಕಳಚುತ್ತವೆ. ಮರದ ಕಾಲಿಗೆ ಸ್ಕ್ರೂ ಅಥವಾ ಮೊಳೆಯಿಂದ ಕೂರುವ ಫೆಲ್ಟ್ ಬಿಲ್ಲೆ, ಲೋಹದ ಕೊಳವೆಯ ಕಾಲಿಗೆ ಬಿಗಿಯಾಗಿ ತೊಡಿಸುವ ರಬ್ಬರ್ ಬುಷ್ ಹೆಚ್ಚು ಕಾಲ ನಿಲ್ಲುತ್ತವೆ. ಆಗಾಗ ಅವುಗಳಿಗೆ ಅಂಟಿದ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೆರೆದು ತೆಗೆದರಾಯಿತು. ಇಷ್ಟು ಸಣ್ಣ ವಿಷಯಕ್ಕೆ ಸಂಪಾದಕರಿಗೆ ಪತ್ರವೇ ಎಂದು ಯಾರಿಗಾದರೂ ಅನ್ನಿಸಿದರೆ, ಅವರು ಬಹುಶಃ ಕಟ್ಟಡದ ಕೊನೆಯ ಮಹಡಿಯಲ್ಲಿರುವವರು.

ನೆಲದ ವಿಚಾರಕ್ಕೆ ಬರೋಣ. ಮರದಂತೆ ಕಾಣುವ ಲ್ಯಾಮಿನೇಟ್ ಹಲಗೆಗಳನ್ನು ಹಳೆಯ ನೆಲದ ಮೇಲೆ ಹಾಸಿಸುವುದು ಈಗ ಸಾಮಾನ್ಯ. ಇದನ್ನು ಸ್ಲ್ಯಾಬಿಗೆ ಅಂಟಿಸದೆ, ಕೆಳಗೆ ಕಾರ್ಕ್ ಅಥವಾ ಒಳ್ಳೆಯ ಫೋಮಿನ ಹಾಸು ಹಾಕಿ, ಗೋಡೆಯಂಚಿನ ಸುತ್ತಲೂ ಕಿರಿದಾದ ಸಂದು ಬಿಟ್ಟು ಹಾಸಿದರೆ ಹೆಜ್ಜೆಯ ಸದ್ದು ಕೆಳಗಿನವರಿಗೆ ಗಮನಾರ್ಹವಾಗಿ ಕಡಿಮೆಯಾಗುತ್ತದೆ. ಕೆಲಸಗಾರರು ಅವಸರದಲ್ಲಿ ಆ ಹಾಸನ್ನು ತೆಳುವಾಗಿಸಿದರೆ ಅಥವಾ ಹಲಗೆಯನ್ನು ಗೋಡೆಗೆ ತಗುಲಿಸಿಬಿಟ್ಟರೆ ಮಾಡಿದ ಖರ್ಚು ನೋಟಕ್ಕೆ ಮಾತ್ರ ದಕ್ಕುತ್ತದೆ. ಗೋಡೆಯ ಬುಡಕ್ಕೆ ಸ್ಕರ್ಟಿಂಗ್ ಪಟ್ಟಿ ಹೊಡೆದು ಮುಚ್ಚಿದ ಮೇಲೆ ಇದಾವುದೂ ಕಾಣಿಸುವುದಿಲ್ಲವಾದ್ದರಿಂದ, ಹಾಸುವ ದಿನ ಮನೆಯವರು ಎದುರಿಗಿರುವುದು ಲೇಸು. ಟೈಲ್ಸ್ ಬದಲಿಸುವ ಉದ್ದೇಶವಿಲ್ಲದವರಿಗೆ, ಹೆಚ್ಚು ಓಡಾಡುವ ಜಾಗದಲ್ಲಿ ದಪ್ಪನೆಯ ಕಾರ್ಪೆಟ್ಟೂ ಅದರಡಿ ಜಾರದಂತೆ ಒಂದು ಹಾಸೂ ಸಾಕು. ಮನೆಯೊಳಗೆ ಮೆತ್ತನೆಯ ಅಟ್ಟೆಯ ಚಪ್ಪಲಿ ಮೆಟ್ಟಿದರಂತೂ ಹಿಮ್ಮಡಿಯ ದಡದಡ ಅರ್ಧಕ್ಕರ್ಧ ಇಳಿದಂತಾಗುತ್ತದೆ.

ಬಟ್ಟೆ ಒಗೆಯುವ ಯಂತ್ರದ್ದು ಬೇರೆಯೇ ಕಥೆ. ನಿಮಿಷಕ್ಕೆ 1200 ಸುತ್ತು ತಿರುಗುವ ಯಂತ್ರವೆಂದರೆ ಸೆಕೆಂಡಿಗೆ 20 ಬಾರಿ ನೆಲವನ್ನು ತಟ್ಟುತ್ತದೆ. ನಾಲ್ಕೂ ಕಾಲುಗಳು ಸಮತಟ್ಟಾಗಿ ಕೂರದಿದ್ದರೆ, ಅಥವಾ ಸಾಗಣೆಯ ಸಮಯದಲ್ಲಿ ಒಳಗಿನ ಡ್ರಮ್ಮನ್ನು ಹಿಡಿದಿಡಲೆಂದು ಹಾಕಿದ್ದ ಬೋಲ್ಟುಗಳನ್ನು ಬಿಚ್ಚದೆಯೇ ಚಾಲೂ ಮಾಡಿದ್ದರೆ, ಇಡೀ ಯಂತ್ರ ಕುಣಿಯುತ್ತದೆ. ಯಂತ್ರವನ್ನು ಗೋಡೆಗೆ ತಾಗಿಸದೆ ಇಡುವುದು, ಕಾಲುಗಳಡಿ ರಬ್ಬರ್ ತುಂಡು ಇಡುವುದು, ರಾತ್ರಿ ಮಲಗುವ ಮುನ್ನ ಹಾಕಿ ಬಿಡುವ ಅಭ್ಯಾಸವನ್ನು ಬಿಡುವುದು, ಇಷ್ಟು ಮಾಡಿದರೆ ಬಹಳಷ್ಟು ಜಗಳಗಳು ಹುಟ್ಟುವುದೇ ಇಲ್ಲ. ಸ್ಪೀಕರನ್ನು ಎರಡು ಮನೆಗಳ ನಡುವಿನ ಗೋಡೆಯ ಕಪಾಟಿನಲ್ಲಿ ಕೂರಿಸದಿರುವುದೂ ಹಾಗೆಯೇ. ತಗ್ಗು ಸ್ವರದ ಗುಮ್ಮೆನ್ನುವ ನಾದವನ್ನು ಪರದೆ, ಕಾರ್ಪೆಟ್ಟುಗಳು ಹೀರಲಾರವು.

ದೂರು ಕೊಡುವವರ ನಡವಳಿಕೆಯ ಬಗೆಗೂ ಎರಡು ಮಾತು. ಸದ್ದು ಕೇಳಿಸಿದ ಕೂಡಲೇ ಮೇಲಿನ ಮನೆಯ ಕರೆಗಂಟೆ ಒತ್ತುವುದು ರೂಢಿಯಾಗಿದೆ. ಆದರೆ ಕಟ್ಟಡದ ಮೈಯಲ್ಲಿ ಸಾಗುವ ಸದ್ದು ಕಂಬ, ತೊಲೆಗಳ ಮೂಲಕ ಹೇಗೆ ಬೇಕಾದರೂ ಹಾಯುತ್ತದೆಯಾದ್ದರಿಂದ, ತಲೆಯ ಮೇಲೆ ಕೇಳಿಸಿದ್ದು ಓರೆಯಲ್ಲಿರುವ ಕೆಳಮನೆಯದೂ ಆಗಿರಬಹುದು. ನಾನಿರುವ ಕಟ್ಟಡದಲ್ಲಿ ಕುರ್ಚಿ ಎಳೆಯುತ್ತಾರೆಂದು ಬಹುಕಾಲ ಆರೋಪ ಹೊತ್ತಿದ್ದ ಹಿರಿಯ ದಂಪತಿ ಊರಿನಲ್ಲಿಲ್ಲದ ವಾರದಲ್ಲೂ ಅದೇ ಸದ್ದು ಬಂದಾಗಲೇ, ಅದು ಅವರದಲ್ಲವೆಂದು ಎಲ್ಲರಿಗೂ ಮನವರಿಕೆಯಾದದ್ದು. ಹುಡುಕಿದಾಗ ಪಕ್ಕದ ಸಾಲಿನ ಮನೆಯೊಂದರ ಜಾರುಬಾಗಿಲಿನ ಗಾಲಿ ಸವೆದಿತ್ತು. ಆ ದಂಪತಿಯ ಕ್ಷಮೆಯನ್ನು ಯಾರಾದರೂ ಕೇಳಿದರೋ ಇಲ್ಲವೋ ನಾನರಿಯೆ, ಕೇಳಬೇಕಿತ್ತು.

ಬದುಕುವ ಮನೆ ಸದ್ದು ಮಾಡುತ್ತದೆ ಎಂಬುದನ್ನೂ ಒಪ್ಪಬೇಕು. ಮಗು ಅತ್ತಿತೆಂದು, ಹಗಲು ಹೊತ್ತಿನಲ್ಲಿ ಮಕ್ಕಳು ಓಡಿದರೆಂದು ನಿವಾಸಿಗಳ ಸಂಘಕ್ಕೆ ಅರ್ಜಿ ಬರೆಯುವವರ ಪರ ನಾನಿಲ್ಲ. ಮಲಗುವ ಕೋಣೆಯೊಳಗೆ ನಿರಂತರ ಸದ್ದು 30 ಡೆಸಿಬಲ್ ಮೀರಬಾರದು, ಆಗೊಮ್ಮೆ ಈಗೊಮ್ಮೆ ಬರುವ ಸದ್ದು 45 ಡೆಸಿಬಲ್ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಹೇಳಿತ್ತು. ಹತ್ತು ಡೆಸಿಬಲ್ ಏರಿದರೆ ಕಿವಿಗೆ ಸದ್ದು ಹೆಚ್ಚುಕಡಿಮೆ ಇಮ್ಮಡಿಯಾದಂತೆ ಅನ್ನಿಸುತ್ತದೆ. ಆ ಮಾರ್ಗಸೂಚಿಯ ಕಾಳಜಿ ನಿದ್ರೆಯ ಕುರಿತದ್ದು. ಹಗಲಿನ ಬಾಳಾಟಕ್ಕೆಲ್ಲ ಅದನ್ನು ಅಳತೆಗೋಲಾಗಿ ಹಿಡಿಯುವುದು ಸರಿಯಲ್ಲ. ಗೋಡೆ ಕೊರೆಯುವ ಕೆಲಸಕ್ಕೆ ಮಾತ್ರ ವಿನಾಯಿತಿ ಕೊಡಲು ನನಗೆ ಮನಸ್ಸಿಲ್ಲ, ಏಕೆಂದರೆ ಒಂದು ಮೊಳೆಯ ರಂಧ್ರಕ್ಕಾಗಿ ಹ್ಯಾಮರ್ ಡ್ರಿಲ್ ಹಿಡಿದರೆ ಇಡೀ ಕಟ್ಟಡವೇ ಅದನ್ನು ಕೇಳುತ್ತದೆ. ಚಿತ್ರಪಟಗಳನ್ನೆಲ್ಲ ಎಲ್ಲೆಲ್ಲಿ ತೂಗುಹಾಕಬೇಕೆಂದು ಮೊದಲೇ ಗುರುತು ಮಾಡಿಕೊಂಡು, ನೆರೆಯವರಿಗೆ ತಿಳಿಸಿ, ಒಂದೇ ಹಗಲಿನಲ್ಲಿ ಕೊರೆದು ಮುಗಿಸುವುದು ಕಷ್ಟವೇನಲ್ಲ.

ಕೊನೆಯದಾಗಿ ತಮ್ಮಲ್ಲೊಂದು ಕೋರಿಕೆ. ಹೊಸ ಕಟ್ಟಡಗಳ ಕರಪತ್ರಗಳಲ್ಲಿ ಟೈಲ್ಸ್‌ನ ಅಳತೆ, ನಲ್ಲಿಯ ತಯಾರಕರ ಹೆಸರು, ಲಿಫ್ಟಿನ ಸಾಮರ್ಥ್ಯ ಎಲ್ಲವೂ ಅಚ್ಚಾಗಿರುತ್ತದೆ. ಎರಡು ಮನೆಗಳ ನಡುವಿನ ಗೋಡೆ ಎಷ್ಟು ಸದ್ದನ್ನು ತಡೆಯುತ್ತದೆ, ನೆಲದ ಮೇಲಿನ ಏಟು ಕೆಳಕ್ಕೆ ಎಷ್ಟು ಇಳಿಯುತ್ತದೆ ಎಂಬುದು ಮಾತ್ರ ಇರುವುದಿಲ್ಲ. ಇವೆರಡನ್ನೂ ಒಂದೊಂದು ಅಂಕಿಯಲ್ಲಿ ಹೇಳಲು ಐಎಸ್‌ಒ 717 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಗೋಡೆಯ ಅಂಕಿ ಹೆಚ್ಚಿದ್ದಷ್ಟೂ ಒಳ್ಳೆಯದು, ನೆಲದ ಅಂಕಿ ಕಡಿಮೆಯಿದ್ದಷ್ಟೂ ಒಳ್ಳೆಯದು. ತಮ್ಮ ಪುರವಣಿಯಲ್ಲಿ ಮುಂದಿನ ಬಾರಿ ಯಾವುದಾದರೂ ಹೊಸ ಮನೆಯ ಒಳಾಂಗಣವನ್ನು ಪರಿಚಯಿಸುವಾಗ, ಚಿತ್ರಗಳ ಜೊತೆಗೆ ಈ ಎರಡು ಅಂಕಿಗಳನ್ನೂ ನಿರ್ಮಾಪಕರಿಂದ ಕೇಳಿ ಪ್ರಕಟಿಸಬೇಕೆಂದೂ, ಅವರ ಬಳಿ ಇಲ್ಲವಾದಲ್ಲಿ ಇಲ್ಲವೆಂದೇ ನಮೂದಿಸಬೇಕೆಂದೂ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಅಪಾರ್ಟ್‌ಮೆಂಟ್ ನಿವಾಸಿಯಾದ ಒಬ್ಬ ಓದುಗ