ಪಕ್ಕದ ಮೇಜಿನ ಅಕ್ಕನಿಗೆ

ನಿಮ್ಮ ಹೆಸರು ಕೇಳೋದೇ ಮರೆತೆ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಶನಿವಾರ ರಾತ್ರಿ ಆ ಮೆಡಿಟರೇನಿಯನ್ ರೆಸ್ಟೋರೆಂಟಿನಲ್ಲಿ ಪಕ್ಕದ ಮೇಜಲ್ಲಿ ಒಬ್ಬರೇ ಕೂತಿದ್ದವರು ನೀವು. ನನ್ನ ಮಗಳಿಗೆ ಎಳ್ಳು ಆಗಲ್ಲ, ತಿಂದರೆ ತುಟಿ ಊದಿ ಉಸಿರು ಕಟ್ಟುತ್ತೆ. ಮೆನುವಿನಲ್ಲಿ ಹುಮ್ಮಸ್ ಅನ್ನೋ ಗಟ್ಟಿ ಚಟ್ನಿಯ ಮುಂದೆ ಕಡಲೆ, ನಿಂಬೆ, ಆಲಿವ್ ಎಣ್ಣೆ ಅಂತಷ್ಟೇ ಇತ್ತು. ಬಡಿಸುವ ಹುಡುಗನನ್ನು ಕೇಳಿದೆ, "ಎಳ್ಳಿಲ್ಲ ಮೇಡಂ" ಅಂದ. ಅದು ನಿಮ್ಮ ಕಿವಿಗೂ ಬಿದ್ದಿರಬೇಕು.

ಪಿಟಾ ಬ್ರೆಡ್ಡಿನ ತುಂಡನ್ನು ಹುಮ್ಮಸ್‌ಗೆ ಅದ್ದಿ ಬಾಯಿಗಿಡುತ್ತಿದ್ದ ಮಗಳ ಕೈಯನ್ನು ಎದ್ದು ಬಂದು ಹಿಡಿದುಬಿಟ್ಟಿರಿ. ನನಗೆ ಸಿಟ್ಟೇ ಬಂತು, ಸುಳ್ಳು ಹೇಳಲ್ಲ. "ಇದಕ್ಕೆ ತಾಹಿನಿ ಹಾಕ್ತಾರಮ್ಮ. ತಾಹಿನಿ ಅಂದ್ರೆ ಅರೆದ ಎಳ್ಳೇ" ಅಂದಿರಿ. ಅಡುಗೆಯವರನ್ನು ಕರೆಸಿದರೆ ಅವರೂ ಹೌದೆಂದರು.

ಆಮೇಲೆ ಮೆನು ಮೇಲೆ ಬೆರಳಿಟ್ಟು ಹೇಳುತ್ತಾ ಹೋದಿರಿ. ಸುಟ್ಟ ಬದನೆಕಾಯಿಯ ಬಾಬಾ ಗನೂಷ್‌ನಲ್ಲೂ ತಾಹಿನಿ, ಬ್ರೆಡ್ ಮೇಲೆ ಉದುರಿಸುವ ಜಾತರ್ ಪುಡಿಯಲ್ಲೂ ಎಳ್ಳು. ಮೊಸರು, ಸೌತೆಕಾಯಿ, ಬೆಳ್ಳುಳ್ಳಿಯ ತ್ಸತ್ಸಿಕಿ ತಿನ್ನಲಿ, ಆದರೆ ಚಮಚ ಬೇರೆ ಇರಲಿ ಅಂದಿರಿ.

ಅವಳು ಎರಡು ಬಟ್ಟಲು ಖಾಲಿ ಮಾಡಿದಳು. ತಿರುಗಿ ನೋಡಿದರೆ ನೀವಿರಲಿಲ್ಲ, ಅರ್ಧ ಕುಡಿದ ಪುದೀನ ಚಹಾ ಮಾತ್ರ ಇತ್ತು. ನಮ್ಮ ಗಲಾಟೆಯಲ್ಲಿ ಅದೂ ಆರಿಹೋಗಿತ್ತೇನೋ.

ತುಂಬಾ ಥ್ಯಾಂಕ್ಸ್, ಅಕ್ಕಾ.