ಒಂದೇ ಮೆನು, ಎರಡು ಒಲೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಆ ಮೆಕ್ಸಿಕನ್-ಸ್ಪ್ಯಾನಿಷ್ ಹೋಟೆಲಿನ ಮೆನುವಿನ ಫೋಟೊ ದೊಡ್ಡದು ಮಾಡಿಕೊಂಡು ಪೂರ್ತಿ ಓದಿದೆ. ಶನಿವಾರ ಗೆಳತಿಯರ ಜೊತೆ ಹೋಗ್ತಿದ್ದೀನಿ, ಮಾಂಸ ಇಲ್ಲದ್ದು ಏನು ಆರ್ಡರ್ ಮಾಡ್ಲಿ ಅಂತ ಕೇಳಿದ್ದೀಯ. ಎರಡು ಸಾಲಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ತಿನ್ನುವ ವಿಷಯಕ್ಕೆ ಬಂದರೆ ನಿನ್ನಮ್ಮ ಎರಡು ಸಾಲಿಗೆ ನಿಲ್ಲುವವಳಲ್ಲ.

ಒಂದೇ ಹಾಳೆಯಲ್ಲಿ ಅಚ್ಚಾಗಿದೆ ಅಂತ ಮೆಕ್ಸಿಕೊದ್ದೂ ಸ್ಪೇನಿನದ್ದೂ ಒಂದೇ ಅಡುಗೆ ಅಂದುಕೊಳ್ಳಬೇಡ. ಮೆಕ್ಸಿಕೊದ ಊಟ ನಿಂತಿರುವುದು ಮೆಕ್ಕೆಜೋಳ, ಬೀನ್ಸ್ ಕಾಳು, ಮೆಣಸಿನಕಾಯಿ ಮೇಲೆ. ಸ್ಪೇನಿನದ್ದು ಆಲಿವ್ ಎಣ್ಣೆ, ಬೆಳ್ಳುಳ್ಳಿ. ಖಾರ ಬಹಳ ಕಡಿಮೆ. ಸ್ಪೇನಿನ ತಿನಿಸು ತರಿಸಿ 'ಸಪ್ಪೆ' ಅನ್ನುವವರು ತಪ್ಪು ಜಾಗದಲ್ಲಿ ಖಾರ ಹುಡುಕುತ್ತಿರುತ್ತಾರೆ. ಹಾಗಂತ ಸಂಬಂಧವೇ ಇಲ್ಲ ಅಂತಲ್ಲ. 1521ರಲ್ಲಿ ಸ್ಪೇನಿನವರು ಈಗಿನ ಮೆಕ್ಸಿಕೊ ಸಿಟಿ ಇರುವ ಜಾಗದ ಟೆನೊಚ್ಟಿಟ್ಲಾನ್ ನಗರವನ್ನು ಗೆದ್ದುಕೊಂಡರಲ್ಲ, ಆ ಕಾಲದ ಆಸುಪಾಸಿನಲ್ಲಿ ಟೊಮೆಟೊ, ಮೆಣಸಿನಕಾಯಿ ಸ್ಪೇನಿನ ಕಡೆ ಬಂದವು. ಗೋಧಿ, ಅಕ್ಕಿ, ಹಂದಿ, ಹಸು, ಚೀಸ್ ಮೆಕ್ಸಿಕೊ ಕಡೆ ಹೋದವು. ರೊಟ್ಟಿಯಲ್ಲಿ ಹೂರಣ ಇಟ್ಟು ಮಡಚಿದ ಟಾಕೊ ಮೇಲಿನ ಚೀಸ್ ಸ್ಪೇನಿನಿಂದ ಹೋದದ್ದು. ಸ್ಪೇನಿನ ತಣ್ಣನೆಯ ಗಸ್ಪಾಚೊ ಸೂಪಿನ ಟೊಮೆಟೊ ಮೆಕ್ಸಿಕೊ ಕಡೆಯಿಂದ ಬಂದದ್ದು.

ಟಾಕೊ ತರಿಸುವಾಗ ಮೆಕ್ಕೆಜೋಳದ ಟೋರ್ಟಿಯಾ ರೊಟ್ಟಿಯನ್ನೇ ಕೇಳು, ಮೈದಾದ್ದು ಬೇಡ. ಅಲ್ಲಿನವರು ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ನೆನೆಹಾಕಿ, ಸಿಪ್ಪೆ ತೊಳೆದು ಆಮೇಲೆ ರುಬ್ಬುತ್ತಾರೆ. ಆ ಪರಿಮಳ ಬರುವುದೇ ಸುಣ್ಣದಿಂದ. ಸುಣ್ಣ ಬರೀ ರುಚಿಗಲ್ಲ ಪುಟ್ಟಿ, ಜೋಳದೊಳಗಿನ ನಿಯಾಸಿನ್ ಅನ್ನುವ ವಿಟಮಿನ್ ನಮ್ಮ ಮೈಗೆ ಸಿಗುವುದೂ ಅದರಿಂದಲೇ. ಯುರೋಪಿನವರು ಜೋಳವನ್ನು ಮಾತ್ರ ಕೊಂಡೊಯ್ದರು, ಸುಣ್ಣವನ್ನು ಅಲ್ಲೇ ಬಿಟ್ಟರು. ಜೋಳವನ್ನೇ ನೆಚ್ಚಿಕೊಂಡ ಬಡವರಿಗೆ ಚರ್ಮ ಕೆಂಪಾಗಿ ಬಿರಿಯುವ ಪೆಲಾಗ್ರ ರೋಗ ಬಂತು. ಸ್ಪೇನಿನ ಆಸ್ಟೂರಿಯಸ್ ಸೀಮೆಯಲ್ಲಿ ಗಾಸ್ಪರ್ ಕಸಾಲ್ ಅನ್ನುವ ವೈದ್ಯ 1735ರಲ್ಲಿ ಅದನ್ನು ಗುರುತಿಸಿ ಬರೆದಿಟ್ಟ. ಕಾರಣ ತಿಳಿಯಲು ಇನ್ನೂ ಸುಮಾರು ಇನ್ನೂರು ವರ್ಷ ಬೇಕಾಯಿತು. ಮೆಕ್ಸಿಕೊದ ಹೆಂಗಸರು ಸಾವಿರಾರು ವರ್ಷಗಳಿಂದ ಮಾಡಿಕೊಂಡು ಬಂದ ಕೆಲಸವನ್ನು ಒಬ್ಬರೂ ಹೋಗಿ ಕೇಳಲಿಲ್ಲ ನೋಡು, ನನಗೆ ಈಗಲೂ ಸಿಟ್ಟು ಬರುತ್ತೆ.

ಈಗ ನಿನ್ನ ಪ್ರಶ್ನೆ. ಮಾಂಸ ಕಣ್ಣಿಗೆ ಕಾಣದ ಜಾಗದಲ್ಲೇ ಇರುತ್ತೆ. ಬೇಯಿಸಿ ಹಿಸುಕಿದ ಬೀನ್ಸನ್ನು ಹಳೆ ಪದ್ಧತಿಯಲ್ಲಿ ಹಂದಿ ಕೊಬ್ಬಿನಲ್ಲಿ ಬಾಡಿಸುತ್ತಾರೆ. ಮೆಕ್ಸಿಕೊದ ಕೆಂಪು ಅನ್ನ ಎಷ್ಟೋ ಕಡೆ ಕೋಳಿ ಸಾರಿನಲ್ಲಿ ಬೇಯುತ್ತೆ. ಸ್ಪೇನಿನ ಕ್ರೊಕೆಟಾ ಮೇಲ್ನೋಟಕ್ಕೆ ಆಲೂ ಬೋಂಡಾದಂತೆ ಮುಗ್ಧವಾಗಿರುತ್ತೆ, ಒಳಗೆ ಎಷ್ಟೋ ಸಲ ಹ್ಯಾಮ್, ಅಂದರೆ ಹಂದಿಮಾಂಸದ ತುಣುಕು. 'ವೆಜ್ ಇದೆಯಾ' ಅಂತ ಕೇಳಿದರೆ ಹೌದು ಅಂದುಬಿಡುತ್ತಾರೆ. 'ಇದನ್ನು ಯಾವುದರಲ್ಲಿ ಬೇಯಿಸಿದ್ದೀರಿ, ಯಾವ ಕೊಬ್ಬು ಹಾಕಿದ್ದೀರಿ' ಅಂತ ಬಿಡಿಸಿ ಕೇಳು. ಗೆಳತಿಯರೆದುರು ಸಂಕೋಚ ಬೇಡ. ಬೆಣ್ಣೆಹಣ್ಣು ಹಿಸುಕಿ ಮಾಡಿದ ಗ್ವಾಕಮೋಲೆ, ಗಸ್ಪಾಚೊ, ಆಲೂಗಡ್ಡೆ ಮೊಟ್ಟೆಯ ಸ್ಪ್ಯಾನಿಷ್ ಆಮ್ಲೆಟ್, ಬ್ರೆಡ್ಡಿಗೆ ಟೊಮೆಟೊ ಉಜ್ಜಿ ಎಣ್ಣೆ ಹಾಕಿದ್ದು, ಇವುಗಳಲ್ಲಿ ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ.

ಸಾಲ್ಸಾ ಅನ್ನುವ ಖಾರದ ಚಟ್ನಿಯನ್ನು ಟಾಕೊ ಮೇಲೆ ಸುರಿಯುವ ಮೊದಲು ನಾಲಿಗೆ ತುದಿಗೆ ಹಚ್ಚಿ ನೋಡು. ಖಾರ ಅಳೆಯುವ ಸ್ಕೋವಿಲ್ ಅಳತೆಯಲ್ಲಿ ಹಾಲಪೇನ್ಯೊ ಮೆಣಸಿನಕಾಯಿ 2,500ರಿಂದ 8,000 ಇದ್ದರೆ ಹಬನೇರೊ ಮೆಣಸಿನಕಾಯಿ ಒಂದು ಲಕ್ಷ ದಾಟುತ್ತೆ. ಬಣ್ಣ ನೋಡಿ ಏನೂ ತಿಳಿಯುವುದಿಲ್ಲ. ಬಾಯಿ ಉರಿದರೆ ನೀರು ಕುಡಿದು ಉಪಯೋಗವಿಲ್ಲ, ಆ ಖಾರ ನೀರಲ್ಲಿ ಕರಗುವಂಥದ್ದಲ್ಲ. ಹಾಲಿನದ್ದೇನಾದರೂ ತಿನ್ನು.

ತರಕಾರಿಯ ಪಯೇಯಾ ಬೇಕಿದ್ದರೆ ಕೂತ ತಕ್ಷಣ ಹೇಳಿಬಿಡಿ. ವಲೆನ್ಸಿಯಾದ ಆ ಅನ್ನವನ್ನು ಅಗಲ ಬಾಣಲೆಯಲ್ಲಿ ಆಗಿಂದಾಗ ಮಾಡಬೇಕು. ಅಕ್ಕಿ ಹಾಕಿದ ಮೇಲೆ ಕೈಯಾಡಿಸುವಂತಿಲ್ಲ. ತಳದಲ್ಲಿ ಹಿಡಿದ ಗರಿಗರಿ ಪದರವೇ ಅದರ ಜೀವ. ಹತ್ತೇ ನಿಮಿಷಕ್ಕೆ ಮೇಜಿಗೆ ಬಂತೋ, ಮೊದಲೇ ಮಾಡಿಟ್ಟದ್ದು ಅಂತ ತಿಳಿ. ಅದು ಬರುವವರೆಗೆ ಒಂದೆರಡು ತಾಪಾಸ್, ಅಂದರೆ ಪುಟ್ಟ ತಟ್ಟೆಯ ತಿನಿಸು, ಹಂಚಿಕೊಂಡು ತಿನ್ನಿ. ತಲೆಗೊಂದು ತಟ್ಟೆ ಬೇಡ, ಎಲ್ಲ ನಡುವೆ ಇಡಿ. ಟಾಕೊಗೆ ಮಾತ್ರ ಫೋರ್ಕ್ ಮುಟ್ಟಬೇಡ. ಕೈಯಲ್ಲೇ ಹಿಡಿದು, ತಲೆ ಓರೆ ಮಾಡಿ ಕಚ್ಚು.

ಬಿಲ್ ತಾನಾಗಿ ಬರಲಿಲ್ಲ ಅಂತ ಸಿಡುಕಬೇಡ. ಆ ಎರಡೂ ದೇಶಗಳಲ್ಲಿ ಕೇಳದೆ ಬಿಲ್ ತಂದಿಟ್ಟರೆ ಎದ್ದು ಹೋಗಿ ಅಂದಹಾಗೆ. ಊಟ ಮುಗಿದ ಮೇಲೂ ಕೂತು ಹರಟುವುದು ಅವರ ರೂಢಿ. ಮೆನುವಿನ ಕೊನೆಯಲ್ಲಿ ಓರ್ಚಾತಾ ಅಂತ ಒಂದು ಪಾನೀಯ ಇದೆ, ಮೆಕ್ಸಿಕೊದಲ್ಲಿ ಅಕ್ಕಿ ದಾಲ್ಚಿನ್ನಿಯದ್ದು, ವಲೆನ್ಸಿಯಾದಲ್ಲಿ ಚೂಫಾ ಅನ್ನುವ ಪುಟ್ಟ ಗೆಡ್ಡೆಯದ್ದು. ಇವರು ಯಾವುದನ್ನು ಕೊಡುತ್ತಾರೆ ಅಂತ ಕೇಳಿ ಭಾನುವಾರ ನನಗೆ ಫೋನ್ ಮಾಡು.

ನಿನ್ನ
ಅಮ್ಮ