ವರ್ತನೆ ಹಾಲಿನ ಮನೆಗಳಿಗೆ ಒಂದು ಪತ್ರ

ತೀರ್ಥಹಳ್ಳಿ

ನಮ್ಮ ವರ್ತನೆ ಮನೆಯವರೆಲ್ಲರಿಗೂ ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಕಿನಿಂದ ನಿಮ್ಮ ಗೇಟಿನಲ್ಲಿ ಹಾಲು ತುಂಬಿದ ಹಳೇ ನೀರಿನ ಬಾಟಲಿ ಇರುವುದಿಲ್ಲ. ಮುಚ್ಚಳವಿರುವ ಸ್ಟೀಲ್ ಪಾತ್ರೆಯೊಂದನ್ನು ತೊಳೆದು, ಒಣಗಿಸಿ ಇಟ್ಟಿರಿ. ನಮ್ಮ ಹುಡುಗ ಕ್ಯಾನಿನಿಂದ ಅಳೆದು ಹೊಯ್ದು ಹೋಗುತ್ತಾನೆ. ಲೀಟರಿಗೆ ಎರಡು ರೂಪಾಯಿ ಹೆಚ್ಚಾಗಿ 58 ಆಗುತ್ತದೆ. ಸಂಜೆ ಹಾಲು ನಿಲ್ಲುತ್ತದೆ. ಕಾರಣ ಹೇಳದೆ ಇದನ್ನೆಲ್ಲ ಮಾಡಿದರೆ ನೀವು ಬೇರೇನೋ ಎಣಿಸುತ್ತೀರಿ, ಅದಕ್ಕೇ ಈ ಪತ್ರ.

ಶುರುವಾದದ್ದು ಒಂದು ಮೆಸ್ಸಿನಿಂದ. ಹೊಸದಾಗಿ ಹಾಲು ಬೇಕೆಂದವರು "ನಿಮ್ಮ ಎಫ್‌ಎಸ್‌ಎಸ್‌ಎಐ ನಂಬರ್ ಕೊಡಿ" ಎಂದರು, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ಹೆಸರು ಬರೆಸಿದ ನಂಬರು. ನಾವು ಜಂಬದಿಂದ ಡೈರಿ ಪಾಸ್‌ಬುಕ್ ತೋರಿಸಿದೆವು. ಹಾಲಿನ ಸಂಘದ ಸದಸ್ಯರಾದರೆ ಬೇರೆ ಕಾಗದ ಬೇಡ ಎಂದೇ ಇಷ್ಟು ವರ್ಷ ನಂಬಿದ್ದವರು ನಾವು. ವಿನಾಯಿತಿ ಇರುವುದು ನಿಜ, ಆದರೆ ಕರೆದ ಹಾಲನ್ನು ಪೂರ್ತಿ ಸಂಘಕ್ಕೇ ಹಾಕುವ ಸದಸ್ಯರಿಗೆ ಮಾತ್ರ. ನಮ್ಮ ಕೊಟ್ಟಿಗೆಯಿಂದ ದಿನಕ್ಕೆ 22 ಲೀಟರ್ ನಿಮ್ಮ ಮನೆಗಳಿಗೆ ಬರುತ್ತದೆ, ಉಳಿದದ್ದು ಸಂಘಕ್ಕೆ. ಹೀಗೆ ಮನೆಮನೆಗೂ ಮಾರುವವರು 2006ರ ಆಹಾರ ಸುರಕ್ಷತೆ ಕಾಯ್ದೆಯಡಿ ಹೆಸರು ಬರೆಸಲೇಬೇಕು. ನಮ್ಮಂಥ ಸಣ್ಣ ವಹಿವಾಟಿನವರಿಗೆ ಲೈಸೆನ್ಸ್ ಬೇಡ, ನೋಂದಣಿ ಸಾಕು. ನಾವು ಕಟ್ಟಿದ್ದು ವರ್ಷಕ್ಕೆ 100 ರೂಪಾಯಿ. ನೂರು ರೂಪಾಯಿಯ ಕೆಲಸವನ್ನು ಇಷ್ಟು ದಿನ ಮಾಡದೆ ಕೂತದ್ದು ನಮ್ಮದೇ ತಪ್ಪು. ಈಗ 14 ಅಂಕಿಯ ನಂಬರ್ ಬಂದಿದೆ, ಕ್ಯಾನಿನ ಮೇಲೆ ಬರೆಸಿದ್ದೇವೆ. ಮೆಸ್ಸಿನವರು ಅಷ್ಟರಲ್ಲಿ ಪ್ಯಾಕೆಟ್ ಹಾಲಿಗೆ ಹೋಗಿಯಾಗಿತ್ತು.

ನಿಯಮ ಓದುತ್ತ ಹೋದರೆ, ಹಾಲು ಅಂದರೆ ಏನು ಎನ್ನುವುದಕ್ಕೇ ಅಲ್ಲೊಂದು ವ್ಯಾಖ್ಯೆ ಇದೆ. ಆರೋಗ್ಯವಾಗಿರುವ ಕರಾವಿನಿಂದ ಪೂರ್ತಿ ಕರೆದದ್ದು, ಏನೂ ಸೇರಿಸದ್ದು, ಏನೂ ತೆಗೆಯದ್ದು, ಗಿಣ್ಣು ಬೆರೆಯದ್ದು. ಗಟ್ಟಿಯಾಗಿ ಓದಿ ಹೇಳಿದಾಗ "ಏನೂ ತೆಗೆಯದ್ದು" ಎಂಬಲ್ಲಿ ಅಮ್ಮ ಮುಖ ಆಚೆ ತಿರುಗಿಸಿದರು. ಬೆಳಗಿನ ಹಾಲು ಕಡಿಮೆ ಬಿದ್ದ ದಿನ, ಹಿಂದಿನ ಸಂಜೆಯ ಹಾಲನ್ನು ಫ್ರಿಜ್ಜಿನಿಂದ ತೆಗೆದು, ಮೇಲೆ ನಿಂತ ಕೆನೆಯನ್ನು ಮನೆ ತುಪ್ಪಕ್ಕೆ ಎತ್ತಿಟ್ಟು, ಉಳಿದದ್ದನ್ನು ಬೆರೆಸಿದ್ದುಂಟು. ಮಳೆಗಾಲದಲ್ಲಿ "ಹಾಲು ತೆಳ್ಳಗಿದೆ" ಎಂದು ನೀವು ಹೇಳಿದಾಗಲೆಲ್ಲ ನಾವು ಹಸಿಹುಲ್ಲನ್ನು ದೂರಿದೆವು. ಹುಲ್ಲಿನದೂ ಪಾಲಿದೆ, ಪೂರ್ತಿ ಅಲ್ಲ. ಕ್ಷಮಿಸಿ. ಇನ್ನು ಸಂಜೆಯದೆಲ್ಲ ಸಂಘಕ್ಕೆ, ಬೆಳಗ್ಗೆ ಐದೂವರೆಗೆ ಕರೆದದ್ದು ಏಳೂವರೆಯೊಳಗೆ ನಿಮಗೆ. ಆಕಳ ಹಾಲಿನಲ್ಲಿ ನೂರಕ್ಕೆ ಫ್ಯಾಟ್ 3.2, ಕೊಬ್ಬು ಬಿಟ್ಟು ಉಳಿದ ಘನಾಂಶ ಎನ್ನುವ ಎಸ್‌ಎನ್‌ಎಫ್ 8.3ಕ್ಕೆ ಕಡಿಮೆ ಇರಬಾರದು. ವಾರಕ್ಕೊಮ್ಮೆ ಪರೀಕ್ಷೆ ಮಾಡಿಸುತ್ತೇವೆ, ಚೀಟಿ ಹುಡುಗನ ಹತ್ತಿರ ಇರುತ್ತದೆ, ಕೇಳಿ ನೋಡಿ. ಹಾಲು ಅಳೆಯುವ ಅಜ್ಜಿ ಕಾಲದ ಕುಡ್ತೆಗೂ ರಜೆ. ತೂಕ-ಅಳತೆ ಇಲಾಖೆಯ ಮುದ್ರೆ ಬಿದ್ದ ಲೀಟರ್ ಮಾಪಿನಲ್ಲೇ ಅಳೆಯುತ್ತೇವೆ.

ಗಿಣ್ಣು ಕೇಳುವವರು ಬಹಳ ಜನ. ಅದು ಮೊದಲು ಕರುವಿನದು. ಮಿಕ್ಕರೆ ಮೊದಲಿನ ಹಾಗೆ ಅಕ್ಕಪಕ್ಕ ಹಂಚುತ್ತೇವೆ. ನಮ್ಮ ಮನೆಯಲ್ಲಿ ಗಿಣ್ಣಿಗೆ ದುಡ್ಡು ಮುಟ್ಟಿದವರಿಲ್ಲ. ತುಪ್ಪ ಕೊಡುವುದನ್ನು ಮಾತ್ರ ಸದ್ಯ ನಿಲ್ಲಿಸಿದ್ದೇವೆ, ನೋಂದಣಿಯಲ್ಲಿ ನಾವು ಬರೆಸಿದ್ದು ಹಾಲೊಂದೇ.

ನಮ್ಮ ನಾಟಿ ತಳಿ ಮಲೆನಾಡು ಗಿಡ್ಡದ ಹಾಲಿಗೆ, ಅದರಲ್ಲಿರುವ ಒಂದು ಬಗೆಯ ಪ್ರೋಟೀನಿನ ಹೆಸರಾದ "ಎ2" ಎಂದು ಬರೆದು ಬೇರೆ ರೇಟು ಹಾಕಿ ಎಂದು ಸಲಹೆ ಕೊಟ್ಟವರಿದ್ದಾರೆ. ಆ ಹೆಸರನ್ನು ತೆಗೆಯಿರಿ ಎಂದು 2024ರ ಆಗಸ್ಟ್ 21ರಂದು ಪ್ರಾಧಿಕಾರ ಹೇಳಿತು, 26ಕ್ಕೆ ಆ ಸೂಚನೆಯನ್ನೇ ವಾಪಸ್ ತೆಗೆದುಕೊಂಡಿತು. ನಮಗೆ ಆ ಗೋಜೇ ಬೇಡ. ಮೂರು ಗಿಡ್ಡ, ನಾಲ್ಕು ಜರ್ಸಿ ಕ್ರಾಸ್, ಎಲ್ಲದರ ಹಾಲೂ ಒಂದೇ ಕ್ಯಾನಿಗೆ.

ಇನ್ನು ಮುಖ್ಯವಾದದ್ದು. ನಾವು ಕೊಡುವುದು ಹಸಿಹಾಲು. ಅದನ್ನು ಮಾರುವುದು ಅಪರಾಧವಲ್ಲ, ಕಾಸದೆ ಕುಡಿಯುವುದು ಮಾತ್ರ ಬೇಡ. ಕಂದು ರೋಗ ಎನ್ನುವ ಬ್ರೂಸೆಲ್ಲೋಸಿಸ್, ದನದ ಕ್ಷಯ, ಎರಡೂ ಹಸಿಹಾಲಿನಲ್ಲಿ ಮನುಷ್ಯರಿಗೆ ಬರಬಲ್ಲವು. ನಮ್ಮ ಹೆಣ್ಣುಗರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಕಂದು ರೋಗದ ಲಸಿಕೆ ಹಾಕಿಸುತ್ತೇವೆ. ಆದರೂ ಲಸಿಕೆ ನಂಬಿ ಹಸಿಯಾಗಿ ಕುಡಿಯಬೇಡಿ, ಉಕ್ಕು ಬರುವವರೆಗೆ ಕಾಸಿ. ಅಭಿಷೇಕಕ್ಕೆ ಹಸಿಹಾಲೇ ಒಯ್ಯಿರಿ. ಮಕ್ಕಳು, ಬಸುರಿಯರ ಕೈಗೆ ಹಾಕುವ ಪಂಚಾಮೃತಕ್ಕೆ ಮಾತ್ರ ಕಾಸಿ ಆರಿಸಿದ್ದಿರಲಿ, ದೇವರೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಮಂಗನ ಕಾಯಿಲೆ ಹಾಲಿನಲ್ಲಿ ಬರುತ್ತದೆಯೇ ಎಂದು ಇಬ್ಬರು ಕೇಳಿದರು. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ರೋಗ ಅದು, ಹರಡುವುದು ಉಣುಗಿನಿಂದ. ಹಾಲಿನಿಂದ ಬಂದ ದಾಖಲೆ ಇಲ್ಲ.

ಕೆಚ್ಚಲು ಬಾವಿಗೆ ಇಂಜೆಕ್ಷನ್ ಕೊಟ್ಟ ಆಕಳ ಹಾಲನ್ನು ಡಾಕ್ಟರು ಹೇಳಿದಷ್ಟು ದಿನ ಕ್ಯಾನಿಗೆ ಹಾಕುವುದಿಲ್ಲ, ಸಂಘಕ್ಕೂ ಹಾಕುವುದಿಲ್ಲ. ಎರಡು ರೂಪಾಯಿ ಏರಿಸಿದ್ದು ಹೆಚ್ಚಾಗಿ ಇದಕ್ಕೇ. ಅಂಥ ದಿನ ಎಲ್ಲರಿಗೂ ಕಾಲು ಲೀಟರ್ ಕಡಿಮೆ ಬಿದ್ದೀತು, ಹಿಂದಿನ ರಾತ್ರಿಯೇ ಫೋನ್ ಮಾಡುತ್ತೇವೆ. ಹಬ್ಬಕ್ಕೆ ಹೆಚ್ಚು ಬೇಕಿದ್ದವರು ಎರಡು ದಿನ ಮೊದಲೇ ತಿಳಿಸಿ.

ನಿಮ್ಮಲ್ಲಿರುವ ನಮ್ಮ ಬಾಟಲಿಗಳನ್ನು ವಾಪಸ್ ಕೊಡುವುದು ಬೇಡ. ಮೊದಲ ದಿನ ಪಾತ್ರೆ ಇಡಲು ಮರೆತವರ ಮನೆಯಲ್ಲಿ ಹುಡುಗ ಒಮ್ಮೆ ಬೆಲ್ ಮಾಡುತ್ತಾನೆ, ದಯವಿಟ್ಟು ಬೈಯಬೇಡಿ.

ಇಂತಿ,
ನಿಮ್ಮ ಹಾಲಿನ ಮನೆಯವರು